ಅಯ್ಯನವರ ಕಡೆಯ ಗೀರು

ರಜನಿಯ ಕೈಯಲ್ಲಿ ಆಗದ ಕಾಗದಪತ್ರದ ಕೆಲಸ ಧಾರವಾಡದಲ್ಲಿ ಇರಲಿಲ್ಲ. ಸಪ್ತಾಪುರದ ಕೋಚಿಂಗ್ ಕ್ಲಾಸುಗಳ ಸಂದಿಯಲ್ಲಿ ಅವಳದೊಂದು ಆನ್‌ಲೈನ್ ಸೆಂಟರ್: ಎರಡು ಕಂಪ್ಯೂಟರು, ಒಂದು ಝೆರಾಕ್ಸ್ ಮಷೀನು, ಗೋಡೆಗೆ ಒರಗಿದ ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಜಾತಿ-ಆದಾಯ, ಪಾಸ್‌ಪೋರ್ಟು, ಪೊಲೀಸ್ ಪರೀಕ್ಷೆಯ ಅರ್ಜಿ, ಸತ್ತ ಅಜ್ಜನ ಹೆಸರಿನಲ್ಲೇ ಉಳಿದ ಪಹಣಿ, ಏನೇ ತಂದರೂ ಒಮ್ಮೆ ಕಣ್ಣಾಡಿಸಿ, ಯಾವ ಕಾಗದ ಕಡಿಮೆ ಬಿದ್ದಿದೆ, ಅದನ್ನು ಯಾವ ಟೇಬಲ್ಲಿನಲ್ಲಿ ಕೇಳಬೇಕು, ಎಷ್ಟು ಗಂಟೆಗೆ ಹೋದರೆ ಸಾಹೇಬರು ಸಿಗುತ್ತಾರೆ ಎಂದು ಹೇಳಿಬಿಡುತ್ತಿದ್ದಳು. ಇಂಥವಳು ಹದಿನಾಲ್ಕು ವರ್ಷದಿಂದ ಒಂದು ಪ್ರಶ್ನೆಗೆ ಮಾತ್ರ ಸುಳ್ಳು ಉತ್ತರ ಬರೆಯುತ್ತ ಬಂದಿದ್ದಳು. ಗಂಡನ ಉದ್ಯೋಗ ಏನು ಎಂದು ಕೇಳಿದ ಕಡೆಯಲ್ಲೆಲ್ಲ 'ಖಾಸಗಿ' ಎಂದು ಗೀಚಿ ಮುಂದಿನ ಸಾಲಿಗೆ ಹೋಗುತ್ತಿದ್ದಳು.

ಪೂರ್ತಿ ಸುಳ್ಳೇನೂ ಅಲ್ಲ. ಅವಳಿಗೆ ಅದು ಗೊತ್ತೇ ಇರಲಿಲ್ಲ. ಗಂಡ ಶಂಭುಲಿಂಗ ಉಪ್ಪಿನಬೆಟಗೇರಿಯವನು, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಬಿದ್ದು, ಹದಿನೇಳನೇ ವಯಸ್ಸಿಗೆ ಲಕಮನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಶಾಂತಯ್ಯನವರ ವರ್ಕ್‌ಶಾಪು ಸೇರಿದವನು. ಈಗ ನಲವತ್ತು. ಮದುವೆಯಾದ ಹೊಸತರಲ್ಲಿ, ಅಲ್ಲಿ ಏನು ಮಾಡ್ತೀರಿ ಎಂದು ಅವಳು ಕೇಳಿದ್ದಕ್ಕೆ, "ಕಬ್ಬಿಣ ಕೆರೀತೇನಿ" ಎಂದಿದ್ದ. ಅದಾದ ಮೇಲೆ ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಮಾತೆಂದರೆ ಅವನಿಗೆ ಅಷ್ಟಕ್ಕಷ್ಟೇ. ಇಬ್ಬರ ಪಾಲಿನ ಮಾತನ್ನೂ ತಾನೇ ಆಡಿ ಸಂಸಾರ ತೂಗಿಸಿಕೊಂಡು ಬಂದವಳು ರಜನಿ.

ಹೀಗಿರುವಾಗ ಹುಬ್ಬಳ್ಳಿಯ ಗಿರಿಯಪ್ಪ ಎಂಬ ವರ್ಕ್‌ಶಾಪಿನ ಹಳೆಯ ಗಿರಾಕಿ ಒಂದು ಸುದ್ದಿ ತಂದ. ಅವನ ತಮ್ಮ ಆಸ್ಟ್ರೇಲಿಯಾದಲ್ಲಿ ಯಂತ್ರ ರಿಪೇರಿ ಮಾಡುವ ಕಂಪನಿಯಲ್ಲಿದ್ದಾನೆ. ಅಲ್ಲಿ ಯಂತ್ರದ ಬೆಡ್ಡನ್ನು ಕೈಯಿಂದ ಕೆರೆಯುವ ಮುದುಕರೆಲ್ಲ ನಿವೃತ್ತರಾಗಿದ್ದಾರೆ, ಹೊಸಬರು ಕಲಿತಿಲ್ಲ. ಶಂಭುಲಿಂಗನಂಥವನು ಸಿಕ್ಕರೆ ಹೆಂಡತಿ ಮಗಳು ಸಮೇತ ಕರೆಸಿಕೊಳ್ಳಲು ತಯಾರಿದ್ದಾರೆ. ಸುದ್ದಿಯ ಜೊತೆಗೆ ತಮ್ಮ ಒಂದು ಫೋಟೋ ಕಳಿಸಿದ್ದ. ಅದರಲ್ಲಿ ಒಂದು ಯಂತ್ರ, ಅದರ ಪಕ್ಕದಲ್ಲಿ ನಿಂತ ಮನುಷ್ಯ ಇಷ್ಟೇ ಇಷ್ಟು ಕಾಣುತ್ತಿದ್ದ.

ಶಂಭುಲಿಂಗ ಊಟಕ್ಕೆ ಕೂತವನು ರೊಟ್ಟಿ ಮುರಿಯದೆ ಆ ಫೋಟೋ ನೋಡುತ್ತಲೇ ಇದ್ದ. ಬದನೆಕಾಯಿ ಪಲ್ಯ ಆರಿಹೋಯಿತು.

"ಇದರ ಬೆಡ್ಡು ಮೂವತ್ತು ಫೂಟ ಐತಿ," ಎಂದ. "ನಾ ಇಲ್ಲೀತನಕ ಕೆರದಿದ್ದರಾಗ ದೊಡ್ಡದಂದ್ರ ಹತ್ತು ಫೂಟು."

ಮದುವೆಯಾದಾಗಿನಿಂದ ಈ ಮನುಷ್ಯ ತನಗಿದು ಬೇಕು ಎಂದು ಒಂದು ವಸ್ತುವನ್ನೂ ಕೇಳಿದವನಲ್ಲ. ಅಂಗಿ ಬಟ್ಟೆಯನ್ನೂ ಅವಳೇ ಆರಿಸಬೇಕು. ಈಗ ಅವನ ಮುಖ ನೋಡಿ ರಜನಿ ಆರಿದ ತಾಟನ್ನು ಬದಿಗೆ ಸರಿಸಿ ಎದುರಿಗೆ ಕೂತಳು.

"ಹೋಗೂಣೇನ್ರಿ?" ಎಂದು ಕೇಳಿದಳು.

"ನನ್ನ ಯಾರು ಕರಕೋತಾರ? ಐಟಿಐ ಇಲ್ಲ, ಡಿಪ್ಲೊಮಾ ಇಲ್ಲ. ನನ್ನ ಕಡೆ ಕಾಗದಾನ ಇಲ್ಲ."

ಕಾಗದ ಇಲ್ಲವೆಂಬ ಮಾತನ್ನು ರಜನಿಯ ಎದುರಿಗೆ, ಅದೂ ಅವಳ ಸ್ವಂತ ಗಂಡ ಆಡುವುದೆಂದರೆ! ಅವಳು ಸೆರಗು ಸಿಕ್ಕಿಸಿ ಎದ್ದಳು. ಮರುದಿನದಿಂದ ಸೆಂಟರಿನ ಒಂದು ಕಂಪ್ಯೂಟರು ಗಂಡನ ಪಾಲಿಗೇ ಮೀಸಲಾಯಿತು.

ಹುಡುಕಿ ನೋಡಿದರೆ ದಾರಿ ಇತ್ತು. ಸರ್ಟಿಫಿಕೇಟ್ ಇಲ್ಲದೆ ಕೈಗೆಲಸ ಕಲಿತವರನ್ನೂ ಪರೀಕ್ಷಿಸಿ, ಇವನು ಈ ಕಸುಬಿನಲ್ಲಿ ಪೂರ್ಣ ಕುಶಲ ಎಂದು ಮಾನ್ಯ ಮಾಡುವ ಕಚೇರಿ ಆ ದೇಶದಲ್ಲಿತ್ತು. ಅವರಿಗೆ ಬೇಕಾದದ್ದು ಮೂರೇ: ಇಷ್ಟು ವರ್ಷ ಇಂಥಲ್ಲಿ ದುಡಿದಿದ್ದಾನೆ ಎಂದು ಮಾಲೀಕರ ಪತ್ರ, ಮಾಡಿದ ಕೆಲಸದ ವಿವರ, ಕೆಲಸ ಮಾಡುತ್ತಿರುವ ವಿಡಿಯೋ. ಆ ಒಂದು ಮಾನ್ಯತೆ ಸಿಕ್ಕರೆ ಉಳಿದ ಬಾಗಿಲು ತಾನೇ ತೆರೆಯುತ್ತವೆ, ಸಿಗದಿದ್ದರೆ ಗಿರಿಯಪ್ಪನ ತಮ್ಮನಲ್ಲ, ಯಾರು ಕರೆದರೂ ಹೋಗುವಂತಿಲ್ಲ. ಕೆಲಸದ ವಿವರ ಬರೆಯಲು ಕೂತಾಗಲೇ ರಜನಿ ಪೆಚ್ಚಾದದ್ದು. 'ಕಬ್ಬಿಣ ಕೆರೆಯುವುದು' ಎಂದು ಬರೆದು ಅದನ್ನೇ ದಿಟ್ಟಿಸುತ್ತ ಅರ್ಧ ತಾಸು ಕಳೆದಳು. ಆಮೇಲೆ ಸೆಂಟರಿಗೆ ಬಾಗಿಲು ಹಾಕಿ ಸ್ಕೂಟಿ ಹತ್ತಿ ಲಕಮನಹಳ್ಳಿಗೆ ಹೋದಳು. ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು.

ತಗಡಿನ ಶೆಡ್ಡು, ಎಣ್ಣೆಯ ವಾಸನೆ. ಬಾಗಿಲಲ್ಲೇ ಸ್ಟೂಲಿನ ಮೇಲೆ ಕೂತಿದ್ದವರು ಮಾಲೀಕ ಶಾಂತಯ್ಯನವರು. ಎಪ್ಪತ್ತಾರರ ವಯಸ್ಸು, ಹಣೆಯ ಮೇಲೆ ಮೂರೆಳೆ ವಿಭೂತಿ. ಊರವರಿಗೂ ಕೆಲಸದವರಿಗೂ ಅವರು 'ಅಯ್ಯಾರು'. ಕಣ್ಣಿನ ಒತ್ತಡದ ಕಾಯಿಲೆಯಿಂದ ದೃಷ್ಟಿ ಮುಕ್ಕಾಲು ಹೋಗಿತ್ತು. ಅವಳು ಹೆಸರು ಹೇಳಿದ ಮೇಲೆಯೇ ಗುರುತು ಹಿಡಿದರು.

"ಶಂಭೂನ ಮನಿಯವರೇನವ್ವಾ? ಬಾ ತಂಗಿ, ಒಳಗ ಬಾ. ಅಂವಗ ಈಗ ಕರದ್ರ ಕೇಳಂಗಿಲ್ಲ, ನೋಡಕೋತ ನಿಂದ್ರು."

ನಿಂತಳು. ನಿಂತವಳು ಎರಡು ತಾಸು ಅಲ್ಲಾಡಲಿಲ್ಲ.

ಲೇತ್ ಯಂತ್ರದ ತಳದಲ್ಲಿ ಉದ್ದಕ್ಕೆ ಕಬ್ಬಿಣದ ಹಾಸು ಇರುತ್ತದೆ, ಅದೇ ಬೆಡ್ಡು. ವರ್ಷಗಟ್ಟಲೆ ಓಡಿ ಅದು ನಡುವೆ ಸವೆಯುತ್ತದೆ. ಸವೆತ ಕಣ್ಣಿಗೆ ಕಾಣುವಂಥದ್ದಲ್ಲ, ತಲೆಗೂದಲಿಗಿಂತ ತೆಳು. ಆದರೆ ಅಷ್ಟಕ್ಕೇ ಆ ಯಂತ್ರದಲ್ಲಿ ತಯಾರಾದ ಮಾಲೆಲ್ಲ ಹಾಳು. ಅದನ್ನು ಮತ್ತೆ ಸಪಾಟು ಮಾಡುವುದು ಶಂಭುಲಿಂಗನ ಕೆಲಸ. ಸಪಾಟಾದ ಒಂದು ಪಟ್ಟಿಗೆ ನೀಲಿ ಬಣ್ಣ ಸವರಿ ಬೆಡ್ಡಿನ ಮೇಲೆ ಎಳೆಯುತ್ತಾನೆ. ಎಲ್ಲಿ ಎತ್ತರವಿದೆಯೋ ಅಲ್ಲಿಗೆ ಮಾತ್ರ ನೀಲಿ ಹತ್ತುತ್ತದೆ. ಉದ್ದನೆಯ ಉಳಿಯಂಥ ಸ್ಕ್ರೇಪರಿನ ಹಿಡಿಯನ್ನು ಸೊಂಟಕ್ಕೆ ಒತ್ತಿ, ಮೈ ಮುಂದೆ ತೂಗಿ, ಆ ನೀಲಿ ಚುಕ್ಕೆಗಳನ್ನಷ್ಟೇ ಒಂದೊಂದಾಗಿ ಕೆರೆಯುತ್ತಾನೆ. ಒಂದು ಸಲ ಕೆರೆದರೆ ಹೋಗುವ ಕಬ್ಬಿಣ ಊದಿದರೆ ಹಾರುವಷ್ಟು. ಒರೆಸುತ್ತಾನೆ, ಮತ್ತೆ ನೀಲಿ, ಮತ್ತೆ ಪಟ್ಟಿ, ಮತ್ತೆ ಕೆರೆತ. ಮೊದಲು ನಾಲ್ಕೈದೇ ಇದ್ದ ಚುಕ್ಕೆಗಳು ಹತ್ತಾದವು, ಮೂವತ್ತಾದವು, ಸಂಜೆಯ ಹೊತ್ತಿಗೆ ಬೆಡ್ಡಿನ ತುಂಬ ನುಚ್ಚು ಚೆಲ್ಲಿದ ಹಾಗೆ ಹರಡಿಕೊಂಡವು. ಇಡೀ ಹಾಸು ಒಂದೇ ಮಟ್ಟಕ್ಕೆ ಬರುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ.

ನಡುನಡುವೆ ಅವನು ಕಣ್ಣು ಮುಚ್ಚಿ ಬೆರಳ ತುದಿಯನ್ನು ಕಬ್ಬಿಣದ ಮೇಲೆ ಓಡಿಸುತ್ತಿದ್ದ. ರಜನಿಯೂ ಮುಟ್ಟಿ ನೋಡಿದಳು. ಅವಳಿಗೆ ತಣ್ಣಗಿದ್ದದ್ದು ಬಿಟ್ಟರೆ ಏನೂ ತಿಳಿಯಲಿಲ್ಲ.

"ಏನ ಹತ್ತೈತಿ ನಿಮಗ?" ಎಂದು ಕೇಳಿದಳು.

"ಇಲ್ಲಿ ದಿಬ್ಬ ಐತಲ್ಲ," ಎಂದ, ಮನೆಯ ಮುಂದಿನ ರಸ್ತೆಯ ದಿಬ್ಬ ತೋರಿಸುವವನ ಹಾಗೆ.

ಅಲ್ಲೇ ಕೆಲಸಕ್ಕಿದ್ದ ಅರಫಾತ, ಅಳತೆಯ ಗಡಿಯಾರದಂಥ ಉಪಕರಣ ತಂದು ಆ ಜಾಗಕ್ಕೆ ಹಿಡಿದ. ಮುಳ್ಳು ಅಲ್ಲಾಡಿತು, ಅಷ್ಟೇ ಅಷ್ಟು. ಒಂದು ಮಿಲಿಮೀಟರನ್ನು ಐನೂರು ಪಾಲು ಮಾಡಿದರೆ ಅದರಲ್ಲೊಂದು ಪಾಲು ಎಂದು ವಿವರಿಸಿದ. ಮನೆಯಲ್ಲಿ ಕೊತ್ತಂಬರಿ ಯಾವುದು ಮೆಂತ್ಯ ಯಾವುದು ಎಂದು ಗೊತ್ತಾಗದ ಈ ಬೆರಳು ಇಷ್ಟನ್ನು ಹಿಡಿಯುತ್ತದೆಯೇ, ಇಷ್ಟು ವರ್ಷ ಇದೇ ಕೈಗೆ ತಾನು ತಾಟು ಕೊಡುತ್ತಿದ್ದೆನೇ ಎಂದು ರಜನಿ ಬೆರಗಾಗಿ ನಿಂತಳು.

ಸಂಜೆ ಕೆಲಸ ಮುಗಿಯಿತು. ಆಗ ಶಂಭುಲಿಂಗ ಸ್ಕ್ರೇಪರನ್ನು ಒರೆಸಿ, ಎರಡೂ ಕೈಯಲ್ಲಿ ಹಿಡಿದು ಅಯ್ಯನವರ ಮುಂದೆ ಚಾಚಿದ. ಅಯ್ಯನವರು ಸ್ಟೂಲಿನಿಂದ ಎದ್ದು ಬಂದು, ಬೆಡ್ಡಿನ ಅಂಚಿಗೆ ಒಂದೇ ಒಂದು ಗೀರು ಹಾಕಿ, ಸ್ಕ್ರೇಪರ್ ವಾಪಸು ಕೊಟ್ಟರು. ಅವರ ಕೈ ನಡುಗುತ್ತಿದ್ದುದನ್ನು ರಜನಿ ಗಮನಿಸಿದಳು. ಆ ವರ್ಕ್‌ಶಾಪಿನ ನಡಾವಳಿ ಅದು. ಯಾರೇ ಕೆಲಸ ಮಾಡಲಿ, ಕಡೆಯ ಗೀರು ಗುರುವಿನದು. ಅಯ್ಯನವರು ಕಲಿಯುವಾಗ ಅವರ ಗುರು ಹಾಕುತ್ತಿದ್ದರು. ಅಯ್ಯನವರ ಗೀರು ಬೀಳದ ಮಾಲು ಶಂಭುಲಿಂಗ ಬಂದ ಇಪ್ಪತ್ಮೂರು ವರ್ಷದಲ್ಲಿ ಗೇಟು ದಾಟಿರಲಿಲ್ಲ.

ರಜನಿ ನಾಲ್ಕು ದಿನ ಹೋಗಿ ವಿಡಿಯೋ ಮಾಡಿದಳು. ಕತ್ತರಿಸಿ ಜೋಡಿಸಿ ಹನ್ನೆರಡು ನಿಮಿಷಕ್ಕೆ ತಂದಳು. ಕಡೆಯ ಗೀರಿನ ಭಾಗ ಅವಳಿಗೆ ಬಹಳ ಹಿಡಿಸಿತ್ತು. ಅದನ್ನು ಹತ್ತಿರದಿಂದ ತೋರಿಸಿ, ವೇಗ ತಗ್ಗಿಸಿ, 'ಗುರುಗಳು ಕೆಲಸ ಪೂರ್ಣಗೊಳಿಸುತ್ತಿರುವುದು' ಎಂದು ಇಂಗ್ಲಿಷಿನಲ್ಲಿ ಕೆಳಗೆ ಬರೆದು ಕಳಿಸಿದಳು. ನಮ್ಮಲ್ಲಿ ಕೆಲಸಕ್ಕೆ ಎಷ್ಟು ಮರ್ಯಾದೆ ಇದೆ ಎಂದು ಅವರಿಗೂ ತಿಳಿಯಲಿ ಎಂಬ ಹೆಮ್ಮೆ ಅವಳಿಗೆ.

ತಿಳಿಯಿತು. ಒಂದೂವರೆ ತಿಂಗಳಿಗೆ ಉತ್ತರ ಬಂತು. ಅರ್ಜಿದಾರರು ಸಹಾಯಕರಾಗಿ ದುಡಿದಂತೆ ಕಾಣುತ್ತದೆ. ಕೆಲಸವನ್ನು ಮುಗಿಸುವ ಜವಾಬ್ದಾರಿ ಬೇರೊಬ್ಬರದ್ದೆಂದು ನೀವೇ ತೋರಿಸಿದ್ದೀರಿ. ಸ್ವತಂತ್ರ ಕುಶಲಕರ್ಮಿ ಎಂದು ಮಾನ್ಯ ಮಾಡಲು ಬರುವುದಿಲ್ಲ. ಇನ್ನೊಂದು ಅವಕಾಶವಿದೆ. ಇಪ್ಪತ್ತೆಂಟು ದಿನದೊಳಗೆ, ಒಂದು ಕೆಲಸವನ್ನು ಮೊದಲಿನಿಂದ ಕೊನೆಯ ಅಳತೆಯವರೆಗೆ, ಎಲ್ಲೂ ಕತ್ತರಿಸದೆ ಚಿತ್ರಿಸಿ ಕಳಿಸಬೇಕು. ಅರ್ಜಿದಾರರಲ್ಲದೆ ಬೇರೆ ಯಾರೂ ಉಪಕರಣ ಹಿಡಿಯಬಾರದು. ಆಡಿದ ಮಾತಿಗೆಲ್ಲ ಇಂಗ್ಲಿಷ್ ಅನುವಾದ ಲಗತ್ತಿಸಬೇಕು.

ರಜನಿ ತಲೆ ಚಚ್ಚಿಕೊಂಡಳು. ಊರಿಗೆಲ್ಲ ಬುದ್ಧಿ ಹೇಳುವ ತಾನೇ, ತನ್ನ ಕೈಯಾರೆ ಗಂಡನ ಕಾಲಿಗೆ ಕೊಡಲಿ ಹಾಕಿದ್ದಳು. ಆದರೂ ಅವಳಿಗೆ ದಾರಿ ಸರಳವಾಗಿಯೇ ಕಂಡಿತು.

"ಒಂದ ದಿನದ ಮಾತು. ಈ ಸಲ ಅಯ್ಯಾರಿಗೆ ಸ್ಕ್ರೇಪರ್ ಕೊಡಬ್ಯಾಡ್ರಿ, ಮುಗೀತು."

"ಆಗಂಗಿಲ್ಲ."

"ಯಾಕ ಆಗಂಗಿಲ್ಲ? ನಾನ ಹೋಗಿ ಕೇಳಲೇನು? ಅವರೇನ ಬ್ಯಾಡ ಅಂತಾರ?"

"ಅವರು ಬ್ಯಾಡ ಅನ್ನೂದಿಲ್ಲ. ಅದಕ್ಕ ಕೇಳಬಾರದು."

"ಮೂವತ್ತು ಫೂಟಿನ ಬೆಡ್ಡು ಬ್ಯಾಡೇನ್ರಿ ನಿಮಗ?"

ಅವನು ಎದ್ದು ಹೋಗಿ ಮಲಗಿಬಿಟ್ಟ. ಮರುದಿನ ನಸುಕಿನ ಐದಕ್ಕೇ ಎದ್ದು ಗಾಡಿ ತೆಗೆದು ಹೊರಟ. ತಿಂಗಳಿಗೆ ಮೂರ್ನಾಲ್ಕು ಸಲ ಹೀಗೆ ಹೋಗುವುದಿತ್ತು. ಒಂಬತ್ತಕ್ಕೆ ಲಾರಿ ಬರುತ್ತದೆ, ಲೋಡಿಂಗ್ ಇದೆ ಎನ್ನುತ್ತಿದ್ದ. ಲೋಡ್ ಮಾಡಲು ಇಷ್ಟು ಬೇಗ ಯಾಕೆ ಎಂದು ಅವಳು ಎಂಟು ವರ್ಷದಿಂದ ಗೊಣಗುತ್ತ ಬಂದಿದ್ದಳು. ಅವತ್ತು ಮಾತ್ರ ಗೊಣಗಲಿಲ್ಲ. ಮಾತು ಮುಗಿಯುವ ಮೊದಲೇ ಎದ್ದುಹೋದವನನ್ನು ಹಾಗೇ ಬಿಡುವ ಹೆಂಗಸಲ್ಲ ಅವಳು. ಮಗಳು ಉಮಾಶ್ರೀಯನ್ನು ಎಬ್ಬಿಸಿ ಬಾಗಿಲು ಹಾಕಿಕೊಳ್ಳಲು ಹೇಳಿ, ಸ್ಕೂಟಿ ಹತ್ತಿ ಹಿಂದೆಯೇ ಹೋದಳು.

ಶೆಡ್ಡಿನಲ್ಲಿ ಒಂದೇ ದೀಪ ಉರಿಯುತ್ತಿತ್ತು. ಲಾರಿಯೂ ಇಲ್ಲ, ಹಮಾಲರೂ ಇಲ್ಲ. ನಿನ್ನೆಯೇ ಮುಗಿದು ಕಡೆಯ ಗೀರು ಬಿದ್ದಿದ್ದ ಬೆಡ್ಡಿನ ಮೇಲೆ ಶಂಭುಲಿಂಗ ಒಬ್ಬನೇ ಬಾಗಿ ಕೆರೆಯುತ್ತಿದ್ದ.

"ಮುಗದಿತ್ತಲ್ರಿ ಇದು?"

ಅವನು ಬೆಚ್ಚಿಬಿದ್ದ. ಕಳ್ಳತನದಲ್ಲಿ ಸಿಕ್ಕಿಬಿದ್ದವನ ಮುಖ ಮಾಡಿಕೊಂಡ. ಅವಳು ಬಿಡಲಿಲ್ಲ. ಬಿಡದೆ ಕೇಳಿದ ಮೇಲೆ ತುಂಡುತುಂಡಾಗಿ ಹೇಳಿದ.

ಎಂಟು ವರ್ಷದ ಹಿಂದೆ ಅಯ್ಯನವರ ಕಣ್ಣು ಮಂಜಾದವು, ಕೈ ನಡುಗತೊಡಗಿತು. ಅವರು ಹಾಕುವ ಕಡೆಯ ಗೀರು ಆಳಕ್ಕೆ ಇಳಿದು ಕಬ್ಬಿಣ ಕಿತ್ತುಬರತೊಡಗಿತು. ಕೆಡುವುದು ಒಂದು ಬೆರಳಗಲದ ಜಾಗ. ಆದರೆ ಹೋದ ಕಬ್ಬಿಣವನ್ನು ಮರಳಿ ಕೂಡಿಸಲು ಬರುವುದಿಲ್ಲ. ಆ ತಗ್ಗಿನ ಮಟ್ಟಕ್ಕೆ ಸುತ್ತಲಿನ ಹಾಸನ್ನೆಲ್ಲ ಮೆಲ್ಲಗೆ, ದೂರದಿಂದ ಇಳಿಸಿಕೊಂಡು ಬರಬೇಕು, ಮತ್ತೆ ಎಲ್ಲ ಚುಕ್ಕೆ ಎಬ್ಬಿಸಬೇಕು. ಒಂದು ಗೀರಿಗೆ ಮೂರು ತಾಸು.

"ಬಿಟ್ರೂ ನಡೀತೈತಿ," ಎಂದ. "ಗಿರಾಕಿಗೆ ಗೊತ್ತೂ ಆಗೂದಿಲ್ಲ. ಆದರ ಅಯ್ಯಾರ ಹೆಸರಿನ ಮೇಲೆ ಹೋಗೂ ಮಾಲು, ಅವರ ಗೀರಿನಿಂದನ ಕೆಟ್ಟು ಹೋಗಬಾರದಲ್ಲ."

"ಅವರಿಗೆ ಹೇಳಿಲ್ಲ?"

"ಏನಂತ ಹೇಳಲಿ? ನೀವು ಕೆಡಸಾಕತ್ತೀರಿ ಅಂತ ಹೇಳಲೇನು?"

ಅವಳು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟಳು. ಎಂಟು ವರ್ಷದ ನಸುಕುಗಳು. ಮಳೆಗಾಲ, ಚಳಿ, ತಾನು ಜಗಳವಾಡಿ ಚಹಾ ಕೊಡದೆ ಕಳಿಸಿದ ದಿನಗಳು. ಯಾರಿಗೂ ತಿಳಿಯದಂತೆ ಒಬ್ಬ ಮುದುಕನ ತಪ್ಪನ್ನು ಅಳಿಸಿ, ಒಂಬತ್ತಕ್ಕೆ ಅವರು ಬಂದಾಗ ಏನೂ ಆಗದವನಂತೆ ನಮಸ್ಕಾರ ಮಾಡಿ ನಿಲ್ಲುತ್ತಿದ್ದ ಈ ಮನುಷ್ಯನ ಜೊತೆ ತಾನು ಒಂದೇ ಮನೆಯಲ್ಲಿ ಬದುಕಿ ಬಂದಿದ್ದಳು. ಒಂದು ಮೂಲೆಯಲ್ಲಿ ಎಣ್ಣೆ ಡಬ್ಬಿಯ ಮೇಲೆ ಕೂತು, ಅವನು ಕೆರೆಯುವುದನ್ನು ಪೂರ್ತಿ ನೋಡಿದಳು. ಮುಗಿದ ಮೇಲೆ ಗೀರು ಎಲ್ಲಿತ್ತೆಂದು ಹುಡುಕಿದರೂ ಕಾಣಲಿಲ್ಲ.

ಆದರೂ ಇಪ್ಪತ್ತೆಂಟು ದಿನ ಇಪ್ಪತ್ತೆಂಟೇ. ದೊಡ್ಡತನ ನೋಡಿ ಕೈ ಮುಗಿದು ಕೂತರೆ ಅರ್ಜಿ ಮುಂದೆ ಹೋಗುವುದಿಲ್ಲ. ರಜನಿ ಒಂದು ಹೂಟ ಹೂಡಿದಳು. ಪ್ರತಿ ಸೋಮವಾರ ಅಯ್ಯನವರು ಮುರುಘಾಮಠಕ್ಕೆ ಹೋಗಿ, ಸ್ವಾಮಿಗಳ ದರ್ಶನ, ಪ್ರಸಾದ ಮುಗಿಸಿ ಬರುವಾಗ ಮಧ್ಯಾಹ್ನವಾಗುತ್ತಿತ್ತು. ಸೋಮವಾರ ಬೆಳಿಗ್ಗೆ ಏಳಕ್ಕೆ ಶುರುಮಾಡಿದರೆ, ಒಂದು ಗೇಣುದ್ದದ ಚಿಕ್ಕ ಪ್ಲೇಟನ್ನು ಕೆರೆದು ಹನ್ನೊಂದಕ್ಕೆ ಮುಗಿಸಬಹುದು. ಅಯ್ಯನವರಿಗೆ ನೋವೂ ಇಲ್ಲ, ನಿಯಮಕ್ಕೆ ಭಂಗವೂ ಇಲ್ಲ. ಗಂಡ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಒಪ್ಪಿದನೆಂದೇ ಅವಳು ತಿಳಿದಳು.

ಸೋಮವಾರ ಏಳಕ್ಕೆ ಹೋಗಿ ನೋಡಿದರೆ ಅಯ್ಯನವರು ಸ್ಟೂಲಿನ ಮೇಲೆ ಕೂತಿದ್ದಾರೆ. ವಿಭೂತಿ ಇನ್ನೂ ಹಸಿ ಇತ್ತು.

"ಮಠಕ್ಕ ಹೋಗಿಲ್ಲೇನ್ರಿ ಅಯ್ಯಾರ?" ಎಂದಳು. ದನಿ ತಾನಾಗಿಯೇ ಇಳಿದಿತ್ತು.

"ಶಂಭು ಮೊನ್ನೆ ಹೇಳಿದ, ಮತ್ತ ವಿಡಿಯೋ ಮಾಡ್ತೇವ್ರಿ, ಬರ್ರಿ ಅಂತ. ಅಪ್ಪಗೊಳ ದರ್ಶನಾ ಮುಂದಿನ ವಾರ ಆದೀತು."

ರಜನಿ ಗಂಡನ ಕಡೆ ಉರಿಗಣ್ಣು ಬಿಟ್ಟಳು. ಅವನು ಪ್ಲೇಟು ಒರೆಸುವುದರಲ್ಲಿ ಮಗ್ನನಾದ.

"ಹೋದ ಸಲದ್ದು ಯಾಕ ವಾಪಸ್ ಬಂತವ್ವಾ ತಂಗಿ?" ಅಯ್ಯನವರು ಕೇಳಿದರು.

ಒರೆಸುತ್ತಿದ್ದ ಕೈ ನಿಂತಿತು. ಶಂಭುಲಿಂಗ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಕಾಗದ ಯಾಕೆ ವಾಪಸ್ ಬಂತು ಎಂದು ಕೇಳಿದವರಿಗೆ ಎಂದೂ ಸುಳ್ಳು ಹೇಳದ ರಜನಿ, "ವಿಡಿಯೋ ಸ್ವಚ್ಛ ಇರಲಿಲ್ಲಂತ್ರಿ," ಎಂದಳು.

"ಹಂ," ಎಂದರು ಅಯ್ಯನವರು.

ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಚಾಲೂ ಮಾಡಿದಳು. ಕೆಲಸ ಸಾಗಿತು. ನೀಲಿ, ಕೆರೆತ, ಒರೆಸು, ಮತ್ತೆ ನೀಲಿ. ಒಂದು ತಾಸು, ಎರಡು ತಾಸು, ಮೂರು ತಾಸು. ಮೊದಲ ದಿನ ನೋಡಿದಾಗ ಬೆರಗಾಗಿದ್ದಳು. ಈಗ ಅವನ ಕೈಯ ಒಂದೊಂದು ತೂಗಾಟವೂ ಅರ್ಥವಾಗುತ್ತಿತ್ತು, ಅರ್ಥವಾದಷ್ಟೂ ಬೆರಗು ಹೆಚ್ಚುತ್ತಿತ್ತು. ಇದನ್ನು ನೋಡಿಯೂ ಯಾರಾದರೂ ಇವನನ್ನು ಸಹಾಯಕ ಎಂದರೆ ಅವರಿಗೆ ಕಣ್ಣೇ ಇಲ್ಲವೆಂದು ಅರ್ಥ, ಎಂದುಕೊಂಡಳು. ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಪ್ಲೇಟಿನ ತುಂಬ ಚುಕ್ಕೆಗಳು ಒಂದೇ ಸಮನೆ ಎದ್ದು ನಿಂತವು. ಅರಫಾತ ಪಕ್ಕದಲ್ಲಿಟ್ಟಿದ್ದ ಅಳತೆಯ ಉಪಕರಣ ತೆಗೆದುಕೊಂಡು ಶಂಭುಲಿಂಗ ಮೂಲೆಯಿಂದ ಮೂಲೆಗೆ ಓಡಿಸಿ ತೋರಿಸಿದ. ಮುಳ್ಳು ಕದಲಲಿಲ್ಲ. ಇನ್ನು ಮೊಬೈಲು ಬಂದ್ ಮಾಡಿದರೆ ಮುಗಿಯಿತು, ರಜನಿ ಕೈ ಮುಂದೆ ಮಾಡಿದಳು.

ಅಷ್ಟರಲ್ಲಿ ಶಂಭುಲಿಂಗ ಸ್ಕ್ರೇಪರ್ ಒರೆಸಿ, ಎರಡೂ ಕೈಯಲ್ಲಿ ಹಿಡಿದು, ಅಯ್ಯನವರ ಕಡೆ ಚಾಚಿದ.

ಮರೆತು ಮಾಡಿದ್ದಲ್ಲ. ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಮೂವತ್ತು ಅಡಿಯ ಬೆಡ್ಡು, ಹೊಸ ದೇಶ, ಹೆಂಡತಿಯ ಮೂರು ತಿಂಗಳ ಒದ್ದಾಟ ಎಲ್ಲವನ್ನೂ ಒಂದು ಕಡೆ ಇಟ್ಟು, ತಿಳಿದೂ ತಿಳಿದೂ ಚಾಚಿದ್ದ. ಮೊಬೈಲು ಓಡುತ್ತಲೇ ಇತ್ತು.

ಅಯ್ಯನವರು ಎದ್ದು ಬಂದರು. ಸ್ಕ್ರೇಪರಿಗೆ ಕೈ ಹಚ್ಚಲಿಲ್ಲ. ಧೋತರದ ಅಂಚಿಗೆ ಬೆರಳು ಒರೆಸಿಕೊಂಡು, ಪ್ಲೇಟಿನ ಮೇಲೆ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಆಡಿಸಿದರು. ಆ ಬೆರಳು ಮಾತ್ರ ನಡುಗಲಿಲ್ಲ.

"ಇದರಾಗ ನನ್ನ ಕೆಲಸಾ ಏನೂ ಉಳದಿಲ್ಲ," ಎಂದರು.

"ಒಂದ ಗೀರು ಹಾಕ್ರಿ ಅಯ್ಯಾರ."

"ಹಾಕಿದ್ರ ನಾಳೆ ಐದೂವರಿಗೆ ಬಂದು ಅಳಸಾಂವ ನೀನ ಅಲ್ಲೇನು?"

ಶಂಭುಲಿಂಗನ ಚಾಚಿದ ಕೈ ಚಾಚಿದಂತೆಯೇ ಉಳಿಯಿತು. ಅರಫಾತ ನೆಲ ನೋಡತೊಡಗಿದ.

"ಕಣ್ಣು ಹೋಗ್ಯಾವು, ಬೆರಳು ಹೋಗಿಲ್ಲೋ ಶಂಭು. ಮೊದಲನೇ ಸಲ ಮುಂಜಾನೆ ಬಂದು ಮುಟ್ಟಿ ನೋಡಿದ್ನಿ, ನನ್ನ ಗೀರು ಇರಲಿಲ್ಲ. ಖರೇ ಹೇಳ್ತೇನಿ, ಸಿಟ್ಟು ಬಂತು. ಅವತ್ತು ಮನ್ಯಾಗ ಉಣ್ಣಲಿಲ್ಲ. ಮುಂದಿನ ಮಷೀನಿಗೆ ಬೇಕಂತನ ಆಳವಾಗಿ ಹಾಕಿದ್ನಿ. ಮುಂಜಾನೆ ಅದೂ ಇಲ್ಲ. ಎಲ್ಲಿ ತಿದ್ದೀ ಅಂತ ಅರ್ಧಾ ತಾಸು ಹುಡುಕಿದ್ನಿ, ಸಿಗಲಿಲ್ಲ. ಅವತ್ತ ಸಿಟ್ಟು ಹೋತು."

"ತಪ್ಪಾತ್ರಿ ಅಯ್ಯಾರ," ಎಂದ ಶಂಭುಲಿಂಗ.

"ಕೇಳಿಲ್ಲಿ. ಕೈ ನಡಗ್ತಾವು ಅನ್ನೂದು ನನಗ ಗೊತ್ತಿಲ್ಲೇನು? ಗೊತ್ತಿದ್ದೂ ಎಂಟು ವರ್ಷ ಹಾಕೇನಿ. ಕೆಟ್ಟದ್ದನ್ನ ಹಂಗ ತಿದ್ದೂದು ನನಗ ಬರ್ತಿರಲಿಲ್ಲ. ನನ್ನ ಗುರುಗಳಿಗೂ ಬರ್ತಿರಲಿಲ್ಲ. ನೀ ಏನ ಮಾಡೀ ಅಂತ ಮುಟ್ಟಿ ನೋಡೂದು ಒಂದ ನನಗ ಉಳದಿತ್ತು. ಅದರ ಸಲುವಾಗಿ ಹಾಕ್ತಿದ್ನಿ."

ಶಂಭುಲಿಂಗ ಸ್ಕ್ರೇಪರನ್ನು ಮೇಜಿನ ಮೇಲಿಟ್ಟು, ಬಾಗಿ, ಅಯ್ಯನವರ ಪಾದ ಮುಟ್ಟಿ, ಬಾಗಿದವನು ಬಹಳ ಹೊತ್ತು ಏಳಲಿಲ್ಲ. ರಜನಿ ಅಳುತ್ತಿದ್ದಳು. ಇಬ್ಬರೂ ತಮಗೆ ತಿಳಿದದ್ದನ್ನು ಬಾಯಿಬಿಡದೆ, ಒಬ್ಬರು ಸಂಜೆಗೆ ಕೆಡಿಸಿ ಇನ್ನೊಬ್ಬ ನಸುಕಿಗೆ ತಿದ್ದಿ ಎಂಟು ವರ್ಷ ಕಳೆದದ್ದು ಅವಳ ಅರಿವಿಗೆ ನಿಲುಕದಷ್ಟು ದೊಡ್ಡದಾಗಿತ್ತು. ಮೊಬೈಲು ಬಂದ್ ಮಾಡಬೇಕೆಂಬುದು ಅವಳಿಗೆ ನೆನಪಾದದ್ದು ಅರಫಾತ ತೋರಿಸಿದ ಮೇಲೆ.

ಅನುವಾದ ಬರೆಯುವಾಗ ಎರಡು ದಿನ ಒದ್ದಾಡಿದಳು. ಕಡೆಯ ಮಾತುಗಳನ್ನು 'ಕೆಲಸಕ್ಕೆ ಸಂಬಂಧಿಸಿಲ್ಲ' ಎಂದು ಬಿಡಬಹುದಿತ್ತು. ಬಿಡಲಿಲ್ಲ. ಸಿಟ್ಟು ಬಂತು, ಉಣ್ಣಲಿಲ್ಲ ಎಂಬುದನ್ನೂ ಸೇರಿಸಿ ಎಲ್ಲವನ್ನೂ ತನಗೆ ಬಂದ ಇಂಗ್ಲಿಷಿನಲ್ಲಿ ಬರೆದು ಕಳಿಸಿದಳು.

ಐದು ವಾರಕ್ಕೆ ಉತ್ತರ ಬಂತು. ಅದರ ಪ್ರಿಂಟು ತೆಗೆದು, ಸೆಂಟರಿನಿಂದ ನೇರ ವರ್ಕ್‌ಶಾಪಿಗೇ ಹೋಗಿ, ಇಬ್ಬರನ್ನೂ ಎದುರಿಗೆ ಕೂಡಿಸಿಕೊಂಡು ಕನ್ನಡದಲ್ಲಿ ಹೇಳಿದಳು. ಕುಶಲತೆ ಮಾನ್ಯವಾಗಿದೆ. ಇನ್ನು ವೀಸಾದ ಅರ್ಜಿ ಹಾಕಬಹುದು.

"ಯಾರ ನೆರವೂ ಇಲ್ಲದ, ತಾನ ಸ್ವಂತ ಕೆಲಸಾ ಮಾಡಬಲ್ಲ ಮನಷ್ಯಾ ಅಂತ ಬರದಾರ್ರೀ ನಿಮ್ಮ ಬಗ್ಗೆ."

ಶಂಭುಲಿಂಗ ಕಾಗದ ತೆಗೆದುಕೊಂಡು, ಓದಲು ಬಾರದ ಇಂಗ್ಲಿಷ್ ಸಾಲುಗಳ ಮೇಲೆ ಸ್ವಲ್ಪ ಹೊತ್ತು ಕಣ್ಣಾಡಿಸಿದ.

"ನೆರವ ಇಲ್ಲ ಅನ್ನೂದು ಖರೇ ಅಲ್ಲ," ಎಂದ. "ಅದೊಂದು ತಿದ್ದಿಸಾಕ ಬರತೈತೇನು?"

"ಬರಂಗಿಲ್ಲ," ಎಂದಳು ರಜನಿ.

ಅಯ್ಯನವರು ಮೈ ಕುಲುಕಿಸಿ ನಕ್ಕರು. ಆಮೇಲೆ, ಅವತ್ತು ಮಧ್ಯಾಹ್ನವೇ ಮುಗಿದಿದ್ದ ಒಂದು ಲೇತಿನ ಬೆಡ್ಡು ಎಲ್ಲಿದೆ ಎಂದು ಕೇಳಿದರು. ಅರಫಾತ ಕೈ ಹಿಡಿದು ಕರೆದೊಯ್ದ. ಸ್ಕ್ರೇಪರ್ ಕೊಡು ಎಂದು ಅವರೇ ಕೈ ಚಾಚಿದರು. ಶಂಭುಲಿಂಗ ಒರೆಸಿ, ಎರಡೂ ಕೈಯಿಂದ ಕೊಟ್ಟ. ಅಯ್ಯನವರು ಬೆಡ್ಡಿನ ಅಂಚಿಗಲ್ಲ, ನಟ್ಟನಡುವೆ, ಇದ್ದ ಬಲವನ್ನೆಲ್ಲ ಹಾಕಿ ಉದ್ದಕ್ಕೆ ಒಂದು ಗೀರು ಎಳೆದರು.

"ಲಾರಿ ಒಂಬತ್ತಕ್ಕ ಬರತೈತಿ," ಎಂದು ಹೇಳಿ ಮನೆಗೆ ಹೊರಟರು.

ಮರುದಿನ ನಸುಕಿನಲ್ಲಿ ಶಂಭುಲಿಂಗ ಏಳುವ ಮೊದಲೇ ರಜನಿ ಎದ್ದು ಥರ್ಮಾಸಿಗೆ ಚಹಾ ತುಂಬಿದ್ದಳು. ಅವನ ಗಾಡಿಯ ಹಿಂದೆ ಕೂತು ತಾನೂ ಹೋದಳು. ಐದೂವರೆಗೆ ಅವರು ಶೆಡ್ಡು ಮುಟ್ಟಿದಾಗ ಗೇಟು ತೆರೆದಿತ್ತು, ದೀಪ ಹತ್ತಿತ್ತು. ಅಯ್ಯನವರು ಆಗಲೇ ಬಂದು, ತಾವು ಕೆಡಿಸಿದ ಗೀರಿನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು, ಬೆಡ್ಡಿನ ಮೇಲೆ ಕೈಯಿಟ್ಟು ಕಾಯುತ್ತ ಕೂತಿದ್ದರು.